ಒಬ್ಬರೇ ಮಾತಾಡುವಾಗ ಉಳಿದವರು ಏನು ಮಾಡುತ್ತಿರುತ್ತಾರೆ?

ಗುಂಪು ಚಿಕಿತ್ಸೆಗೆ ಬರುವ ಏಳೆಂಟು ಮಂದಿಯಲ್ಲಿ ಒಬ್ಬರು ಮಾತು ಹಿಡಿದರೆ ಬಿಡುವುದೇ ಇಲ್ಲ. ಆಫೀಸು, ಅತ್ತೆ, ಬೆನ್ನುನೋವು, ಮತ್ತೆ ಆಫೀಸು. ಒಂದೂವರೆ ಗಂಟೆ ಹಾಗೇ ಕಳೆದುಹೋಗುತ್ತದೆ. ಇವರನ್ನು ಹೇಗಾದರೂ ಸುಮ್ಮನಾಗಿಸಬೇಕು ಎಂದು ಹೊಸ ಚಿಕಿತ್ಸಕರಿಗೆ ಅನ್ನಿಸುವುದು ಸಹಜ.

ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ 1970ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕ ಇಂಥವರ ಬಗ್ಗೆ ವಿವರವಾಗಿ ಚರ್ಚಿಸುತ್ತದೆ. ಅವರು ಆತಂಕವನ್ನು ಮಾತಿನಿಂದ ಮುಚ್ಚಿಕೊಳ್ಳುತ್ತಿರುತ್ತಾರೆ. ಗಂಟೆಗಟ್ಟಲೆ ಆಡಿದರೂ ತಮ್ಮ ಬಗ್ಗೆ ಏನನ್ನೂ ಬಿಟ್ಟುಕೊಡುವುದಿಲ್ಲ. ಹಾಗಾಗಿ ಅವರ ಬಗ್ಗೆ ಅವರಿಂದಲೇ ಇನ್ನೂ ಹೆಚ್ಚು ಕೇಳಬೇಕು ಎನ್ನುವುದು ಯಾಲಮ್ ನಿಲುವು. ಜೊತೆಗೆ ಚಿಕಿತ್ಸಕರು ಉಳಿದವರತ್ತಲೂ ತಿರುಗಬೇಕು: ಈ ಹೊತ್ತಿನ ಭಾರವನ್ನೆಲ್ಲ ಒಬ್ಬರ ಮೇಲೆ ಹೊರಿಸಿ ನೀವೇಕೆ ಕೂತಿದ್ದೀರಿ? ನನಗೆ ಇದೇ ಮುಖ್ಯ ಪ್ರಶ್ನೆ ಅನ್ನಿಸುತ್ತದೆ. ಒಬ್ಬರು ಮಾತಾಡುತ್ತಿರುವಷ್ಟು ಹೊತ್ತು ಉಳಿದವರ ಗಾಯವನ್ನು ಯಾರೂ ಮುಟ್ಟುವುದಿಲ್ಲವಲ್ಲ.

ಗುಂಪನ್ನು ಹೀಗೆ ಇಡಿಯಾಗಿ ನೋಡಲು ಕಲಿಸಿದವರಲ್ಲಿ ವಿಲ್‌ಫ್ರೆಡ್ ಬಿಯಾನ್ ಪ್ರಮುಖರು. 1897ರಲ್ಲಿ ನಮ್ಮ ಮಥುರಾದಲ್ಲಿ ಹುಟ್ಟಿದ ಬ್ರಿಟಿಷ್ ವೈದ್ಯ. ಎರಡನೆಯ ಮಹಾಯುದ್ಧದ ಹೊತ್ತಿಗೆ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯಲ್ಲಿ ಸೈನಿಕರ ಗುಂಪುಗಳೊಂದಿಗೆ ಕೆಲಸ ಮಾಡಿದರು. ನೋವು ತರುವ ಕೆಲಸ ಎದುರಾದರೆ ಗುಂಪು ತನಗರಿವಿಲ್ಲದೆ ನಾಯಕನಿಗೆ ಜೋತುಬೀಳುತ್ತದೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತದೆ, ಓಡುತ್ತದೆ ಎಂದು ಬರೆದರು.

ಇನ್ನು ಕೆಲವರು ಸಹಾಯ ಕೇಳುತ್ತಾರೆ, ಕೊಟ್ಟ ಸಲಹೆಗೆಲ್ಲ ‘ಹೌದು, ಆದರೆ’ ಎನ್ನುತ್ತಾರೆ. ಸಲಹೆ ಹೆಚ್ಚಿದಷ್ಟೂ ‘ಆದರೆ’ ಹೆಚ್ಚುತ್ತದೆ. ಅವರ ಕಷ್ಟ ನಿಜಕ್ಕೂ ದೊಡ್ಡದೆಂದು ಮೊದಲು ಒಪ್ಪಿಕೊಳ್ಳುವುದೇ ವಾಸಿ.

ಮೌನಿಗಳ ವಿಷಯ ಬೇರೆ. ಕೆಲವೊಮ್ಮೆ ಅವರನ್ನು ತಡೆಯುವುದು ಭಾಷೆ. ಮುಂಬಯಿಯ ಪವಾಯಿಯನ್ನೇ ನೋಡಿ. 1958ರಲ್ಲಿ ಐಐಟಿ ಆರಂಭವಾಗಿ, ಆಮೇಲೆ ಹೀರಾನಂದಾನಿ ವಸತಿ ಕಟ್ಟಡಗಳು ಎದ್ದು, ಅದು ದೇಶದ ಎಲ್ಲ ಮೂಲೆಯವರೂ ನೆಲೆಸುವ ಜಾಗವಾಗಿದೆ. ಅಂಥಲ್ಲಿ ಗುಂಪು ಕೂಡಿದರೆ ಮಾತು ಸಹಜವಾಗಿ ಹಿಂದಿ, ಇಂಗ್ಲಿಷಿನಲ್ಲೇ ಸಾಗುತ್ತದೆ. ಮನೆಯಲ್ಲಿ ಕನ್ನಡ, ತುಳು ಆಡುವವರು ಆಫೀಸಿನ ಮೀಟಿಂಗನ್ನು ಇಂಗ್ಲಿಷಿನಲ್ಲಿ ಸಲೀಸಾಗಿ ನಡೆಸಿಯಾರು. ಅಪ್ಪನ ಮೇಲಿನ ಸಿಟ್ಟನ್ನು ಹೇಳಲು ಹೊರಟರೆ ತಡವರಿಸುತ್ತಾರೆ. ಅದನ್ನು ‘ಅಸಹಕಾರ’ ಎಂದು ಬರೆದುಕೊಂಡರೆ ಅನ್ಯಾಯ. ಗುಂಪಿಗೆ ಸೇರಿಸುವ ಮುನ್ನ ಪ್ರತಿಯೊಬ್ಬರನ್ನೂ ಬೇರೆಯಾಗಿ ಭೇಟಿಯಾಗುವ ಪದ್ಧತಿ ಇದೆ. ಸಿಟ್ಟು ಬಂದಾಗ ಯಾವ ಭಾಷೆ ಬಾಯಿಗೆ ಬರುತ್ತದೆ ಎಂದು ಅಲ್ಲೇ ಕೇಳಬಹುದು. ಗುಂಪಿನಲ್ಲಿ ಮೊದಲು ಆ ಭಾಷೆಯಲ್ಲೇ ಹೇಳಲಿ, ಆಮೇಲೆ ಹಿಂದಿಯಲ್ಲಿ ವಿವರಿಸಲಿ. ಉಳಿದವರು ಅಷ್ಟು ಹೊತ್ತು ಕಾಯಬಲ್ಲರು.