ಲೆಕ್ಕ ಬರೆಯುತ್ತಿದ್ದ ಕವಿ ಬಸವಣ್ಣ

ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಕಲಿಯಲು ಶುರು ಮಾಡಿದಾಗ, ಬಸವಣ್ಣನವರೂ ಲೆಕ್ಕ ಬರೆದವರೇ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಇಟ್ಟಂಗಿಹಾಳದವರು ವಿಜಯಪುರಕ್ಕೆ ಹೋಗಿ ಬಸ್ ಬದಲಿಸಿದರೆ ಬಸವನ ಬಾಗೇವಾಡಿ ಸುಮಾರು ಒಂದು ತಾಸಿನ ದಾರಿ. 12ನೇ ಶತಮಾನದಲ್ಲಿ ಅಲ್ಲಿ ಹುಟ್ಟಿದ ಅವರು ಕೂಡಲಸಂಗಮದಲ್ಲಿ ಕಲಿತು, ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾದರು. ಕರಣಿಕ ಎಂದರೆ ಲೆಕ್ಕ ಬರೆಯುವವನು. ಮುಂದೆ ಕಲ್ಯಾಣದಲ್ಲಿ ಭಂಡಾರಿ, ಅಂದರೆ ಖಜಾನೆಯ ಅಧಿಕಾರಿಯಾದರು.

ರಾಜನ ಹಣ ಕಾಯುತ್ತಿದ್ದ ಅವರು ಮೇಲು-ಕೀಳಿಲ್ಲದ ಸಮಾಜದ ಕನಸು ಕಂಡರು. ಅದಕ್ಕೆ ಎರಡು ಆಧಾರ: ಕಾಯಕ ಮತ್ತು ದಾಸೋಹ. ಪ್ರತಿಯೊಬ್ಬರೂ ದುಡಿಯಬೇಕು, ಯಾವ ದುಡಿಮೆಯೂ ಕೀಳಲ್ಲ, ಇದು ಕಾಯಕ. ದುಡಿದದ್ದನ್ನು ಕೂಡಿಡದೆ ಹಂಚಿಕೊಳ್ಳಬೇಕು; ಇದು ದಾಸೋಹ. ಬಿದ್ದ ಅಕ್ಕಿ ಆಯ್ದು ತರುವುದು ಶರಣ ಆಯ್ದಕ್ಕಿ ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಇದು ಆಸೆ, ತಿರುಗಿ ಕೊಟ್ಟು ಬನ್ನಿ ಎಂದು ಪತ್ನಿ ಲಕ್ಕಮ್ಮ ಹೇಳಿದರಂತೆ.

ರಂಜಾನ್‌ನಲ್ಲಿ ಅಮ್ಮಿಯ ಜಕಾತ್ ಲೆಕ್ಕ ಹಾಕುವವನು ನಾನೇ. ವರ್ಷ ತುಂಬಿದ ಉಳಿತಾಯದಲ್ಲಿ ಶೇಕಡಾ 2.5. ದಾಸೋಹಕ್ಕೆ ಇಂಥ ನಿಗದಿಯಿಲ್ಲ. ಎರಡೂ ಒಂದೇ ಅಲ್ಲ, ಆದರೆ ಗಳಿಕೆಯಲ್ಲಿ ಇನ್ನೊಬ್ಬರ ಪಾಲಿದೆ ಎಂಬುದನ್ನು ಎರಡೂ ಕಲಿಸುತ್ತವೆ.

ಈ ವಿಚಾರಗಳನ್ನು ಬಸವಣ್ಣನವರು ಸಂಸ್ಕೃತದಲ್ಲಿ ಬರೆಯಲಿಲ್ಲ. ಜನರಾಡುವ ಕನ್ನಡದಲ್ಲಿ, 'ಕೂಡಲಸಂಗಮದೇವ' ಎಂಬ ಅಂಕಿತದಲ್ಲಿ ವಚನ ಹೇಳಿದರು. ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಅಕ್ಕಮಹಾದೇವಿ ಎಲ್ಲರಿಗೂ ಮಾತಾಡುವ ಹಕ್ಕಿತ್ತು.

ಆದರೆ ಕನಸಿಗೆ ಬೆಲೆ ತೆರಬೇಕಾಯಿತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾದಾಗ ಬಿಜ್ಜಳ ಇಬ್ಬರು ತಂದೆಯರಿಗೂ ಮರಣದಂಡನೆ ಕೊಟ್ಟನೆಂದು ಕಥೆಗಳು ಹೇಳುತ್ತವೆ. ಶರಣರು ಚದುರಿಹೋದರು. ಬಸವಣ್ಣ ಕೂಡಲಸಂಗಮಕ್ಕೆ ಮರಳಿದರು.

ವಚನಗಳು ಮಾತ್ರ ತಾಳೆಗರಿಗಳಲ್ಲಿ ಉಳಿದವು. ಅವನ್ನು ಹುಡುಕಿ ತಂದವರು ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿ (1880–1964). 1923ರಲ್ಲಿ 'ವಚನಶಾಸ್ತ್ರ ಸಾರ' ಪ್ರಕಟಿಸಿದರು. ಮುದ್ರಣದ ಕೆಲಸಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 2024ರಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು.

ನನ್ನದೊಂದು ಮಾತು. ಅಬ್ಬಾ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಾರೆ. ಅರ್ಜಿಗಳಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ ನಾನು 'ಬಿಸಿನೆಸ್' ಎಂದು ಬರೆಯುತ್ತಿದ್ದೆ. ಸುಳ್ಳಲ್ಲ, ಆದರೆ ನಾಚಿಕೆಯಿಂದ ಬರೆದದ್ದು. ಈ ಸಲದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ 'ಹಣ್ಣಿನ ವ್ಯಾಪಾರ, ತಳ್ಳುಗಾಡಿ' ಎಂದು ಬರೆದು ಅಬ್ಬಾ ಅವರಿಗೆ ತೋರಿಸಿದೆ. ಅವರು ಓದಿ, ಏನೂ ಹೇಳದೆ ಸಹಿ ಹಾಕಿದರು.