ಉಬ್ಬಿದ ನರಕ್ಕೆ ನೊರೆಯ ಮದ್ದು

ಮಂತ್ರಾಲಯದಲ್ಲಿ ಊಟದ ಪಂಕ್ತಿಗೆ ಕೂತರೆ ಕಣ್ಣಿನ ಮಟ್ಟಕ್ಕೆ ಬರುವುದು ಬಡಿಸುವವರ ಕಾಲು. ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ ಹಿಡಿದು ಒಬ್ಬರು ನನ್ನ ಎಲೆಯ ಮುಂದೆ ನಿಂತಿದ್ದರು. ಅವರ ಮೀನಖಂಡದ ಮೇಲೆ ಹಸಿರು-ನೀಲಿ ನಾಳವೊಂದು ಎರೆಹುಳದಂತೆ ಸುತ್ತಿ ಸುತ್ತಿ ಇಳಿದಿತ್ತು. ಕಣಕಾಲಿನ ಒಳಬದಿಯ ಚರ್ಮ ಕಪ್ಪಿಟ್ಟಿತ್ತು. ನಾನು ನೋಡುತ್ತಿದ್ದುದು ಗೊತ್ತಾಗಿ, "ನರ ಉಬ್ಬ್ಯಾವ್ರೀ, ನಿಂತು ನಿಂತು" ಅಂದವರೇ ಮುಂದಿನ ಎಲೆಗೆ ಹೋದರು.

ಕನ್ನಡದಲ್ಲಿ ನೋವಿನ ಸುದ್ದಿ ಒಯ್ಯುವುದೂ ನರ, ರಕ್ತ ಒಯ್ಯುವುದೂ ನರ. ಈ ಒಂದು ಪದವನ್ನು ನಂಬಿ ನರರೋಗ ತಜ್ಞರ ಬಾಗಿಲಲ್ಲಿ ಚೀಟಿ ಹಿಡಿದು ಕೂತವರನ್ನು ಕಂಡಿದ್ದೇನೆ. ಇಲ್ಲಿ ಉಬ್ಬಿರುವುದು ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ. ಆಸ್ಪತ್ರೆಯ ಭಾಷೆಯಲ್ಲಿ ವೆರಿಕೋಸ್ ವೇನ್ಸ್.

ತುಂಗಭದ್ರೆಯ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಈ ಕಾಯಿಲೆ ವಿವರಿಸುವುದು ಸುಲಭ. ಪೈಪಿನ ಬುಡದ ಫುಟ್‌ವಾಲ್ವ್ ಸೋರಿದರೆ ಮೋಟರ್ ನಿಂತೊಡನೆ ಏರಿದ್ದ ನೀರೆಲ್ಲ ಹೊಳೆಗೇ ಇಳಿಯುತ್ತದೆ. ಕಾಲಿನ ಅಭಿಧಮನಿಗಳ ಉದ್ದಕ್ಕೂ ಅಂಥ ಕವಾಟಗಳಿವೆ. ಅವು ಹೃದಯದ ಕಡೆಗೆ ಮಾತ್ರ ತೆರೆಯುತ್ತವೆ. 1603ರಲ್ಲಿ ಇಟಲಿಯ ಪಡುವಾದಲ್ಲಿ ಫಾಬ್ರಿಷಿಯಸ್ ಇವುಗಳ ಮೇಲೆ ಪುಸ್ತಕ ಬರೆದಾಗ 'ಪುಟ್ಟ ಬಾಗಿಲುಗಳು' ಎಂದೇ ಕರೆದ. ಬಾಗಿಲು ಯಾಕೆ ಒಂದೇ ಕಡೆಗೆ ತೆರೆಯುತ್ತದೆ ಎಂಬುದು ಅವನಿಗೆ ಸರಿಯಾಗಿ ಹೊಳೆಯಲಿಲ್ಲ. ಶಿಷ್ಯ ವಿಲಿಯಂ ಹಾರ್ವೆಗೆ ಹೊಳೆಯಿತು. ರಕ್ತ ಸುತ್ತುತ್ತದೆ ಎಂದು 1628ರಲ್ಲಿ ತೋರಿಸಿದ.

ಇಲ್ಲಿ ಮೋಟರ್ ಯಾವುದು? ಮೀನಖಂಡದ ಸ್ನಾಯು. ಸುಮ್ಮನೆ ನಿಂತವರ ಕಣಕಾಲಿನ ಅಭಿಧಮನಿಯಲ್ಲಿ ಸುಮಾರು 80-90 ಮಿಲಿಮೀಟರ್ ಪಾದರಸದ ಒತ್ತಡ. ಹೃದಯದಿಂದ ಪಾದದವರೆಗೆ ನಿಂತ ರಕ್ತದ ಭಾರವೇ ಅದು. ನಾಲ್ಕು ಹೆಜ್ಜೆ ಹಾಕಿ, ಸ್ನಾಯು ಹಿಂಡುತ್ತಾ ಹೋದಂತೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ರಾಯಚೂರಿನಿಂದ ರಾಯರ ದರ್ಶನಕ್ಕೆ ನಡೆದು ಬಂದವರ ಮೀನಖಂಡ ದಾರಿಯುದ್ದಕ್ಕೂ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ, ಕೊಪ್ಪರಿಗೆಯ ಮುಂದೆ ಕದಲದೆ ನಿಂತ ಅಡುಗೆಯವರ ಮೀನಖಂಡಕ್ಕೆ ಆ ಕೆಲಸವೇ ಇಲ್ಲ. ವಂಶ, ವಯಸ್ಸು, ಬಸಿರು, ಮೈಭಾರ ಸೇರಿ ನಾಳದ ಗೋಡೆ ಹಿಗ್ಗಿದರೆ ಬಾಗಿಲ ಎರಡು ರೆಕ್ಕೆ ಒಂದಕ್ಕೊಂದು ತಾಗುವುದಿಲ್ಲ. ಸೋರಿದ ರಕ್ತದ ಭಾರ ಕೆಳಗಿನ ಬಾಗಿಲ ಮೇಲೆ ಬೀಳುತ್ತದೆ, ಅದೂ ಸಡಿಲವಾಗುತ್ತದೆ.

ಇದಕ್ಕೆ ಕೊಡುವ ಇಂಜೆಕ್ಷನ್ ಆ ಬಾಗಿಲನ್ನು ರಿಪೇರಿ ಮಾಡುತ್ತದೆ ಎಂದು ತಿಳಿದವರೇ ಹೆಚ್ಚು. ಅದು ಮಾಡುವುದು ನಾಳದ ಕೊಲೆ. ಪಾಲಿಡೋಕೆನಾಲ್, ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಎಂಬ ಈ ಮದ್ದುಗಳು ಗುಣದಲ್ಲಿ ಡಿಟರ್ಜೆಂಟ್‌ಗಳು. ಪಾತ್ರೆಯ ಜಿಡ್ಡು ಬಿಡಿಸುವ ರೀತಿಯಲ್ಲೇ ನಾಳದ ಒಳಪದರದ ಜೀವಕೋಶಗಳ ಕೊಬ್ಬಿನ ಪೊರೆಯನ್ನು ಕರಗಿಸುತ್ತವೆ. ಒಳಗೋಡೆ ಸುಲಿದ ನಾಳ ಸೆಟೆದು ಮುದುಡುತ್ತದೆ, ಗೋಡೆಗೆ ಗೋಡೆ ಅಂಟುತ್ತದೆ, ಕೆಲವು ತಿಂಗಳಲ್ಲಿ ನಾರಿನ ಎಳೆಯಾಗಿ ಸವೆದುಹೋಗುತ್ತದೆ. ಕಾಲಿಗೆ ನಷ್ಟವಿಲ್ಲ. ಕಾಲಿನ ರಕ್ತದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಒಳಗಿನ ಆಳದ ನಾಳಗಳಲ್ಲೇ ಏರುವುದು.

ಕಷ್ಟವಿರುವುದು ಮದ್ದನ್ನು ಗೋಡೆಗೆ ತಾಗಿಸುವುದರಲ್ಲಿ. ಫ್ರಾನ್ಸಿನ ಪ್ರವಾಜ್ ಸಿರಿಂಜ್ ತಂದ 1853ರಿಂದಲೇ ನಾಳಕ್ಕೆ ಏನಾದರೂ ಚುಚ್ಚಿ ಮುಚ್ಚುವ ಯತ್ನ ಶುರುವಾಗಿತ್ತು. ಆದರೆ ದಪ್ಪ ನಾಳದಲ್ಲಿ ದ್ರವವನ್ನು ರಕ್ತ ತೆಳುಮಾಡುತ್ತದೆ, ರಕ್ತದ ಪ್ರೋಟೀನುಗಳು ಅದರ ಕಸುವು ಕಳೆಯುತ್ತವೆ. ಉತ್ತರ ಸಿಕ್ಕಿದ್ದು ನೊರೆಯಲ್ಲಿ. ಇಟಲಿಯ ಟೆಸ್ಸಾರಿ 2000ದಲ್ಲಿ ಪ್ರಕಟಿಸಿದ ವಿಧಾನ ನೋಡಿದರೆ ನಮ್ಮ ಕಾಫಿಯ ನೆನಪಾಗುತ್ತದೆ. ಎರಡು ಸಿರಿಂಜ್, ನಡುವೆ ಮೂರು ದಾರಿಯ ಪುಟ್ಟ ನಲ್ಲಿ. ಒಂದರಲ್ಲಿ ಒಂದು ಪಾಲು ಮದ್ದು, ಇನ್ನೊಂದರಲ್ಲಿ ನಾಲ್ಕು ಪಾಲು ಗಾಳಿ. ಲೋಟದಿಂದ ದಬರಿಗೆ, ದಬರಿಯಿಂದ ಲೋಟಕ್ಕೆ ಎತ್ತಿ ಸುರಿದ ಹಾಗೆ ಇಪ್ಪತ್ತು ಸಲ ಅತ್ತಿಂದಿತ್ತ ತಳ್ಳಿದರೆ ಬೆಳ್ಳಗಿನ ಬಿಗಿ ನೊರೆ. ಅದು ರಕ್ತದ ಜೊತೆ ಬೆರೆಯುವುದಿಲ್ಲ, ರಕ್ತವನ್ನೇ ಮುಂದಕ್ಕೆ ನೂಕಿ ಗೋಡೆಗೆ ಹತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಇಂಗುತ್ತದೆ, ಅದಕ್ಕೇ ಕಲಸಿದ ಕೂಡಲೇ ಚುಚ್ಚಬೇಕು.

ಚುಚ್ಚುವ ಮುನ್ನ ರೋಗಿಯನ್ನು ನಿಲ್ಲಿಸಿ ಡಾಪ್ಲರ್ ಸ್ಕ್ಯಾನ್ ಮಾಡಲೇಬೇಕು. ಮೀನಖಂಡದ ಗಂಟು ಕಾಣುತ್ತದೆಂದು ಅಲ್ಲಿಗೇ ಚುಚ್ಚಿ, ತೊಡೆಸಂದಿನಲ್ಲಿ ಸೋರುವ ದೊಡ್ಡ ಬಾಗಿಲನ್ನು ಹಾಗೇ ಬಿಟ್ಟರೆ ದುಡ್ಡು ದಂಡ. ಗಂಟು ಮತ್ತೆ ಬರುತ್ತದೆ. ಅಂಥ ದೊಡ್ಡ ನಾಳಕ್ಕೆ ಲೇಸರ್ ಅಥವಾ ರೇಡಿಯೋ ತರಂಗದಿಂದ ಸುಡುವುದೇ ಮೊದಲ ಆಯ್ಕೆ, ನೊರೆ ಅದರ ನಂತರದ್ದು. ಮದ್ದು ನಾಳದ ಹೊರಗೆ ಚೆಲ್ಲಿದರೆ ಚರ್ಮ ಹುಣ್ಣಾದೀತು. ಅಪರೂಪಕ್ಕೆ ಆಳದ ನಾಳದಲ್ಲಿ ಹೆಪ್ಪು ಕಟ್ಟೀತು. ಹಳೆಯ ನಾಳದ ಜಾಡಿನಲ್ಲಿ ಕಂದು ಗೆರೆ ಉಳಿಯುವುದು ಮಾತ್ರ ಸಾಮಾನ್ಯ, ತಿಂಗಳುಗಟ್ಟಲೆ ಇರುತ್ತದೆ.

ಇಂಜೆಕ್ಷನ್ ಆದವರನ್ನು ಮಲಗಲು ಬಿಡುವುದಿಲ್ಲ. ಬಿಗಿ ಕಾಲುಚೀಲ ತೊಡಿಸಿ ಅರ್ಧ ಗಂಟೆ ನಡೆಯಿರಿ ಎನ್ನುತ್ತಾರೆ. ನಡೆಯುವುದು ಕಷ್ಟವಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಮಂತ್ರಾಲಯವಿರುವ ಈ ಆದೋನಿ ಸೀಮೆಯಲ್ಲಿ, ಪಂಚೆಯೊಳಗೆ ತೊಡೆಯವರೆಗಿನ ಆ ಚೀಲ ಹಾಕಿಕೊಂಡು ಒಲೆಯ ಮುಂದೆ ದಿನ ಕಳೆಯುವುದು ಕಷ್ಟ. ಬಡಿಸುವವರಿಗೆ ನಾನು ಇಷ್ಟೆಲ್ಲ ಹೇಳುವಷ್ಟರಲ್ಲಿ ಅವರು ಮಜ್ಜಿಗೆ ಹಿಡಿದು ಮೂರನೆಯ ಸಾಲಿನಲ್ಲಿದ್ದರು.