ಕಲಕತ್ತೆಯ ಕೊಳಚೆ ಮತ್ತು ಭೇರಿಗಳು

ನಗರಯೋಜನೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅಗಲವಾದ ರಸ್ತೆ, ಸಾಲುಮರ, ಕಾರಂಜಿ. ಊರಿನ ಕೊಳಚೆ ಎಲ್ಲಿಗೆ ಹೋಗುತ್ತದೆಂದು ಕೇಳುವವರು ವಿರಳ. 1980ರ ದಶಕದ ಆರಂಭದಲ್ಲಿ ಪಶ್ಚಿಮ ಬಂಗಾಳ ಸರ್ಕಾರದ ಇಂಜಿನಿಯರ್ ಧ್ರುವಜ್ಯೋತಿ ಘೋಷ್ ಅವರು ಈ ಪ್ರಶ್ನೆಯ ಬೆನ್ನುಹತ್ತಿದರು. ಕಾಲುವೆಗಳ ಜಾಡು ಹಿಡಿದು ಪೂರ್ವಕ್ಕೆ ಹೋದ ಅವರಿಗೆ ಕಂಡದ್ದು ಮೀನು ಸಾಕುವವರ ಕೆರೆಗಳು.

ಕಲಕತ್ತೆಯ ನೆಲ ಹೂಗ್ಲಿ ನದಿಗೆ ಬೆನ್ನುಮಾಡಿ ಪೂರ್ವಕ್ಕೆ ಇಳಿಯುತ್ತದೆ. ಆ ಕಡೆ ಹಿಂದೆ ಇದ್ದುದು ಉಪ್ಪುನೀರಿನ ಜೌಗು. ಸಮುದ್ರದ ಉಬ್ಬರವನ್ನು ಅಲ್ಲಿಗೆ ತರುತ್ತಿದ್ದ ಬಿದ್ಯಾಧರಿ ನದಿ ಹೂಳು ತುಂಬಿ ಬತ್ತಿದ ಮೇಲೆ, ಕಳೆದ ಶತಮಾನದ ಪೂರ್ವಾರ್ಧದಲ್ಲಿ, ಅಲ್ಲಿನವರು ಊರಿನ ಕೊಳಚೆಯನ್ನೇ ಕೆರೆಗೆ ಹಾಯಿಸಿ ಮೀನು ಬೆಳೆಯುವ ವಿದ್ಯೆಯನ್ನು ರೂಢಿಸಿಕೊಂಡರು. ಈ ಕೆರೆಗಳಿಗೆ ಬಂಗಾಳಿಯಲ್ಲಿ ‘ಭೇರಿ’ ಎಂದು ಹೆಸರು. ಕನ್ನಡದ ಕೇಳುಗರಿಗೆ ನಗಾರಿ ನೆನಪಾಗಬಾರದು.

ಭೇರಿಯಲ್ಲಿ ನೀರಿನ ಆಳ ಕಡಮೆ. ಆದ್ದರಿಂದ ಬಿಸಿಲು ಒಳಕ್ಕಿಳಿದು ಪಾಚಿ ಬೆಳೆಯುತ್ತದೆ. ಪಾಚಿ ನೀರಿಗೆ ಆಮ್ಲಜನಕವನ್ನು ಬಿಡುತ್ತದೆ. ಅದರ ಬಲದಿಂದ ಬ್ಯಾಕ್ಟೀರಿಯಾಗಳು ಕಲ್ಮಷವನ್ನು ಒಡೆದು ಪಾಚಿಗೆ ಗೊಬ್ಬರವನ್ನೊದಗಿಸುತ್ತವೆ. ರೋಹು, ಕಾಟ್ಲಾ ಮೊದಲಾದ ಮೀನುಗಳು ನೀರಿನಲ್ಲಿ ಹೀಗೆ ಹುಟ್ಟಿದ ಆಹಾರವನ್ನು ತಿಂದು ಕೊಬ್ಬುತ್ತವೆ. ಕೊಳಚೆಯನ್ನು ಎಂದು, ಎಷ್ಟು ಒಳಬಿಡಬೇಕೆಂಬುದನ್ನು ಬೆಸ್ತರು ನೀರಿನ ಬಣ್ಣ, ವಾಸನೆಗಳಿಂದಲೇ ಅಳೆಯುತ್ತಾರೆ. ಬೇರೆಡೆ ಪೀಡೆಯೆನಿಸಿದ ಅಂತರಗಂಗೆ ಇಲ್ಲಿ ದಂಡೆಯಂಚಿನಲ್ಲಿ ನಿಂತು ಅಲೆಯ ಹೊಡೆತದಿಂದ ಮಣ್ಣನ್ನು ಕಾಯುತ್ತದೆ. ಭೇರಿಯಿಂದ ಹೊರಬಿದ್ದ ನೀರು ಬತ್ತದ ಗದ್ದೆಗೆ. ಮೀನು ಮರುಬೆಳಗ್ಗೆ ಪೇಟೆಗೆ. ಶುದ್ಧೀಕರಣದ ದುಬಾರಿ ಯಂತ್ರಗಳು ಮಾಡಬೇಕಾದ ಕೆಲಸವನ್ನು ಓದುಬರಹ ಹೆಚ್ಚಾಗಿಲ್ಲದ ಜನ ಜೀವನೋಪಾಯವಾಗಿ ಮಾಡಿದರು. ಇದನ್ನು ಯೋಜನೆಯೆಂದು ಕರೆಯಲು ನಾವೇಕೆ ಹಿಂಜರಿಯಬೇಕೋ ತಿಳಿಯದು. ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಗೂ ಊರಿನ ಕೊಳಚೆಯೇ ಹರಿದುಬಂತು. ಅದು ನೊರೆಯುಕ್ಕಿ, 2017ರಲ್ಲಿ ಬೆಂಕಿಯನ್ನೂ ಕಂಡಿತು. ಹೋಲಿಕೆಯನ್ನು ಬಹುದೂರ ಎಳೆಯಲಾಗದು; ಆದರೂ ಕೊಳಚೆಯನ್ನು ಅಳೆದು ಒಳಬಿಡುವ ಕೈಗಳು ಅಲ್ಲಿರಲಿಲ್ಲ.

ಇಷ್ಟಾದರೂ ಕಲಕತ್ತೆ ಈ ಜೌಗನ್ನು ಬಹುಕಾಲ ಬರಿದಾದ ನಿವೇಶನವೆಂದೇ ಬಗೆಯಿತು. 1960ರ ದಶಕದಲ್ಲಿ ಹೂಗ್ಲಿಯ ಹೂಳನ್ನು ಪಂಪುಗಳಿಂದ ತಂದು ಸುರಿದು, ಉತ್ತರ ಭಾಗದಲ್ಲಿ ಸಾಲ್ಟ್ ಲೇಕ್ ಬಡಾವಣೆಗೆ ನೆಲವನ್ನೆಬ್ಬಿಸಲಾಯಿತು. ಉಳಿದುದನ್ನು ಮನಬಂದಂತೆ ತುಂಬಕೂಡದೆಂದು 1992ರಲ್ಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. 2002ರಲ್ಲಿ ಸುಮಾರು 12,500 ಹೆಕ್ಟೇರು ಪ್ರದೇಶ ರಾಮ್‌ಸರ್ ಪಟ್ಟಿಗೆ ಸೇರಿತು. 2006ರಲ್ಲಿ ರಾಜ್ಯದ ಕಾಯಿದೆಯೂ ಬಂತು. ಘೋಷ್ 2018ರಲ್ಲಿ ತೀರಿಕೊಂಡರು.

ಕಾಗದದ ಮೇಲಿನ ಕಾವಲು ಭದ್ರವಾಗಿದೆ. ಆದರೆ ಭೇರಿಯನ್ನು ಕೊಲ್ಲಲು ಮಣ್ಣು ಸುರಿಯಲೇಬೇಕೆಂದಿಲ್ಲ. ಕಾಲುವೆ ಹೂಳಿನಿಂದ ಕಟ್ಟಿಕೊಂಡು ಕೊಳಚೆ ಬಾರದೆ ಹೋದರೆ ಸಾಕು. ಮೀನಿಲ್ಲದ ಕೆರೆಯನ್ನು ಒಡೆಯ ಎಷ್ಟು ಕಾಲ ಕೆರೆಯಾಗಿಯೇ ಇಟ್ಟುಕೊಂಡಾನು? ಪಕ್ಕದಲ್ಲಿ ನೆಲದ ಬೆಲೆ ಏರುತ್ತಲೇ ಇದೆ.